ಕೇಶಲೋಚನದಲ್ಲಿ ಕಣ್ಣೆಲ್ಲಿಂದ ಬಂತು?

ಓದುಗರ ಪ್ರಶ್ನೆ: ಜೈನ ಮುನಿಗಳ ದೀಕ್ಷೆಯ ಸುದ್ದಿಯಲ್ಲಿ ಒಂದು ಕಡೆ ‘ಕೇಶಲೋಚನ’ ಅಂತ, ಇನ್ನೊಂದು ಕಡೆ ‘ಕೇಶಲುಂಚನ’ ಅಂತ ಓದಿದೆ. ಲೋಚನ ಅಂದರೆ ಕಣ್ಣು ಅಲ್ವಾ? ಕೂದಲು ಕೀಳೋದಕ್ಕೂ ಕಣ್ಣಿಗೂ ಏನು ಸಂಬಂಧ? ಇದು ಪತ್ರಿಕೆಯವರ ತಪ್ಪಾ? ಮೂಲ ಕ್ರಿಯಾಪದ ಯಾವುದು, ಅದರ ಸರಿಯಾದ ಅರ್ಥ ಏನು? ಇದಕ್ಕೆ ಕನ್ನಡದ್ದೇ ಪದ ಇಲ್ವಾ? ಲಂಚ, ಲುಚ್ಚ ಇವೂ ಅದರಿಂದಲೇ ಬಂದವು ಅಂತ ಒಬ್ಬರು ಹೇಳಿದರು, ನಿಜವಾ? ಕೊನೆಗೆ ಇನ್ನೊಂದು. ತಮ್ಮ ಕೂದಲನ್ನು ತಾವೇ ಕಿತ್ತುಕೊಳ್ಳುತ್ತಾ ಇರುವ ಕಾಯಿಲೆಯೊಂದಿದೆ. ಅದರ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೂ ಈ ಪದ ಬಳಸಬಹುದಾ?

ಉತ್ತರ: ಕಣ್ಣಿಗೂ ಕೂದಲಿಗೂ ಸಂಬಂಧ ಇಲ್ಲ. ಆದರೆ ಪತ್ರಿಕೆಯವರ ತಪ್ಪೂ ಅಲ್ಲ. ‘ಕೇಶಲೋಚನ’ ಅನ್ನುವ ರೂಪ ಪತ್ರಿಕೆಗಳಿಗಿಂತ ಎಷ್ಟೋ ಹಳೆಯದು. ಬುದ್ಧನ ಮಾತುಗಳನ್ನು ಸಂಗ್ರಹಿಸಿದ ಪಾಲಿ ಸುತ್ತಗಳಲ್ಲೇ ಅದು ಸಿಗುತ್ತದೆ. ನಿಮ್ಮ ಹಾಗೆ ನೆಟ್ಟಗೆ ಸಂಸ್ಕೃತ ಓದಿಕೊಂಡವರಿಗೆ ಮಾತ್ರ ಅದು ಕಣ್ಣಿಗೆ ಚುಚ್ಚುತ್ತದೆ.

ಮೊದಲು ಕಣ್ಣಿನ ಲೋಚನವನ್ನು ಪಕ್ಕಕ್ಕಿಡೋಣ. ಸಂಸ್ಕೃತದ ಕ್ರಿಯಾಧಾತುಗಳ ಪಟ್ಟಿಯಾದ ಧಾತುಪಾಠದಲ್ಲಿ ‘ಲೋಚೃ ದರ್ಶನೇ’ ಅಂತ ಒಂದು ಧಾತು ಇದೆ. ನೋಡು ಅಂತ ಅರ್ಥ. ತ್ರಿಲೋಚನ, ಸುಲೋಚನ, ಆಲೋಚನೆ, ಸಮಾಲೋಚನೆ ಎಲ್ಲವೂ ಇದರ ಮನೆಯವರು. ಅದೇ ಧಾತುಪಾಠದಲ್ಲಿ ಬೇರೆ ಜಾಗದಲ್ಲಿ ‘ಲುಞ್ಚ ಅಪನಯನೇ’ ಅಂತ ಇನ್ನೊಂದಿದೆ. ಅಪನಯನ ಅಂದರೆ ತೆಗೆದುಹಾಕುವುದು. ನೀವು ಕೇಳಿದ ಕ್ರಿಯಾಪದ ಇದು. ಲುಂಚತಿ ಅಂದರೆ ಕೀಳುತ್ತಾನೆ, ಲುಂಚನ ಅಂದರೆ ಕೀಳುವಿಕೆ, ಲುಂಚಿತ ಅಂದರೆ ಕಿತ್ತದ್ದು.

ಧಾತುಪಾಠದ ಅರ್ಥಗಳನ್ನು ಅಕ್ಷರಶಃ ನಂಬಬೇಡಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಅಲ್ಲಿ ಕೊಡೋದು ಒಂದು ಗುರುತು, ನಿಘಂಟಿನ ವಿವರಣೆ ಅಲ್ಲ. ‘ತೆಗೆದುಹಾಕು’ ಅಂದರೆ ಮೇಜಿನ ಮೇಲಿನ ತಟ್ಟೆಯನ್ನೂ ತೆಗೆಯಬಹುದು. ಲುಂಚ್ ಅಂಥ ತೆಗೆಯುವಿಕೆ ಅಲ್ಲ. ಒಂದು ಕಡೆ ಬೇರು ಬಿಟ್ಟು ಅಂಟಿಕೊಂಡಿರೋದನ್ನು ಎಳೆದು ಬುಡಸಮೇತ ಬಿಡಿಸೋದು ಲುಂಚನ. ಗ್ರಂಥಗಳಲ್ಲಿ ಇದರ ಜೊತೆ ಜಾಸ್ತಿ ಕಾಣಿಸೋದು ಕೂದಲು, ಮೀಸೆ, ಗಡ್ಡ.

ಹಾಗಾದರೆ ಲುಂಚನ ಹೇಗೆ ಲೋಚನ ಆಯಿತು? ಇದರ ಗುಟ್ಟು ನಡುವಿನ ಅನುನಾಸಿಕದಲ್ಲಿದೆ. ಮುಂಚತಿ ಅಂದರೆ ಬಿಡುತ್ತಾನೆ, ಆದರೆ ನಾಮಪದ ಮುಂಚನ ಅಲ್ಲ, ಮೋಚನ. ವಿಮೋಚನೆ ನಮಗೆಲ್ಲ ಗೊತ್ತು. ಸಿಂಚತಿ ಅಂದರೆ ಚಿಮುಕಿಸುತ್ತಾನೆ, ನಾಮಪದ ಸೇಚನ. ಕ್ರಿಯಾಪದದಲ್ಲಿ ಕಾಣುವ ‘ಞ್’ ನಾಮಪದಕ್ಕೆ ಬರುವಾಗ ಬಿದ್ದುಹೋಗಿ, ಉಕಾರ ಓಕಾರ ಆಗುತ್ತದೆ, ಇಕಾರ ಏಕಾರ ಆಗುತ್ತದೆ. ಅದೇ ಜಾಡಿನಲ್ಲಿ ಲುಂಚತಿಗೆ ಲೋಚನ ಬಂದರೆ ಆಶ್ಚರ್ಯ ಏನಿದೆ?

ವೈಯಾಕರಣರು ಇಲ್ಲಿ ಒಂದು ತಕರಾರು ತೆಗೆಯುತ್ತಾರೆ, ಅದೂ ನ್ಯಾಯವೇ. ಮುಚ್, ಸಿಚ್ ಧಾತುಗಳಿಗೆ ಅನುನಾಸಿಕ ಆಮೇಲೆ ಬಂದು ಸೇರಿದ್ದು. ಲುಞ್ಚ್‌ಗೆ ಅದು ಹುಟ್ಟಿನಿಂದಲೇ ಇದೆ. ವಂಚ್ ಧಾತುವಿನ ಹಾಗೆ. ವಂಚನೆಯನ್ನು ಯಾರೂ ‘ವಚನೆ’ ಅನ್ನೋದಿಲ್ಲ ತಾನೆ? ಆ ಲೆಕ್ಕದಲ್ಲಿ ಲುಂಚನವೇ ಸರಿ. ಆದರೆ ಈ ಧಾತುವಿನ ಅನುನಾಸಿಕ ಆಗಾಗ ಜಾರಿಹೋಗುತ್ತದೆ ಅನ್ನೋದು ಪಾಣಿನಿಗೇ ಗೊತ್ತಿತ್ತು. ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ಎರಡನೇ ಪಾದದಲ್ಲಿ ‘ವಞ್ಚಿಲುಞ್ಚ್ಯೃತಶ್ಚ’ ಅಂತ ಒಂದು ಸೂತ್ರ, 1.2.24. ಅದರ ಪ್ರಕಾರ ‘ಕಿತ್ತು’ ಅನ್ನೋದಕ್ಕೆ ಲುಂಚಿತ್ವಾ ಅಂತಲೂ ಹೇಳಬಹುದು, ಲುಚಿತ್ವಾ ಅಂತಲೂ ಹೇಳಬಹುದು. ಮೂರೇ ಮೂರು ಧಾತುಗಳಿಗೆ ಅಂತ ಬರೆದ ಸೂತ್ರದಲ್ಲಿ ಕೂದಲು ಕೀಳುವ ಧಾತುವಿಗೆ ಒಂದು ಜಾಗ ಸಿಕ್ಕಿದೆ ಅಂದರೆ, ಆ ಕಾಲದ ಜನರ ಬಾಯಲ್ಲಿ ಎರಡೂ ರೂಪ ಓಡಾಡುತ್ತಿದ್ದವು ಅಂತ ಅರ್ಥ.

ಈಗ ಪಾಲಿಗೆ ಬರೋಣ. ಪಾಲಿ ಸುತ್ತಗಳ ಒಂದು ಸಂಗ್ರಹವಾದ ದೀಘನಿಕಾಯದ ಎಂಟನೇ ಸುತ್ತದಲ್ಲಿ ಆ ಕಾಲದ ತಪಸ್ವಿಗಳು ಏನೇನು ಕಠಿಣ ವ್ರತ ಮಾಡುತ್ತಿದ್ದರು ಅಂತ ಒಂದು ಉದ್ದ ಪಟ್ಟಿ ಇದೆ. ಮುಳ್ಳಿನ ಮೇಲೆ ಮಲಗುವವರು, ನಿಂತೇ ಇರುವವರು, ಹೀಗೆ. ಅದರಲ್ಲಿ ‘ಕೇಸಮಸ್ಸುಲೋಚಕೋ’ ಅಂತ ಒಬ್ಬ ಬರುತ್ತಾನೆ. ಕೇಸ ಅಂದರೆ ಕೇಶ, ಮಸ್ಸು ಅಂದರೆ ಶ್ಮಶ್ರು, ಅಂದರೆ ಗಡ್ಡ. ತಲೆಗೂದಲು, ಗಡ್ಡ ಕಿತ್ತುಕೊಳ್ಳುವವನು. ಹಿಂದೆಯೇ ‘ಕೇಸಮಸ್ಸುಲೋಚನಾನುಯೋಗಮನುಯುತ್ತೋ’ ಅಂತ ಇನ್ನೊಂದು ಮಾತು. ಕೂದಲು, ಗಡ್ಡ ಕೀಳುವ ಅಭ್ಯಾಸಕ್ಕೆ ತನ್ನನ್ನು ಒಡ್ಡಿಕೊಂಡವನು ಅಂತ. ನೋಡಿ, ‘ಲೋಚನ’ ಅಂತಲೇ ಇದೆ, ಕಣ್ಣಿನ ಸುಳಿವೇ ಇಲ್ಲ. ಇನ್ನೊಂದು ಸಂಗ್ರಹವಾದ ಮಜ್ಝಿಮನಿಕಾಯದ ಹನ್ನೆರಡನೇ ಸುತ್ತದಲ್ಲಿ ಬುದ್ಧನೇ ತನ್ನ ಹಳೆಯ ತಪಸ್ಸಿನ ದಿನಗಳನ್ನು ಹೇಳುವಾಗ ಇದೇ ಮಾತನ್ನು ತನಗೆ ಹೇಳಿಕೊಳ್ಳುತ್ತಾನೆ. ತಾನೂ ಕೂದಲು, ಗಡ್ಡ ಕಿತ್ತುಕೊಳ್ಳುತ್ತಿದ್ದೆ ಅಂತ. ಆಮೇಲೆ ಅದನ್ನು ಬಿಟ್ಟ. ಬೌದ್ಧ ಭಿಕ್ಷುಗಳು ಕ್ಷೌರದ ಕತ್ತಿ ಹಿಡಿದರು, ಜೈನ ಮುನಿಗಳು ಕೈಯಲ್ಲೇ ಉಳಿದರು.

ಜೈನರ ಪ್ರಾಕೃತದಲ್ಲಿ ಇದರ ಹೆಸರು ಇನ್ನೂ ಚಿಕ್ಕದು. ಆ ಪ್ರಾಕೃತಗಳಲ್ಲೊಂದಾದ ಅರ್ಧಮಾಗಧಿಯಲ್ಲಿ ಎರಡು ಸ್ವರಗಳ ನಡುವಿನ ಚಕಾರ, ಕಕಾರಗಳು ಸವೆದುಹೋಗುತ್ತವೆ. ವಚನ ಅನ್ನೋದು ವಯಣ ಆಗುತ್ತದೆ. ಹಾಗೆ ಲೋಚ ಅನ್ನೋದು ಲೋಯ ಆಯಿತು. ತಮಾಷೆ ಅಂದರೆ ಲೋಕ ಕೂಡ ಲೋಯ ಆಗುತ್ತದೆ. ಕೂದಲು ಕೀಳೋದಕ್ಕೂ ಜಗತ್ತಿಗೂ ಒಂದೇ ಪದ! ಸಂದರ್ಭ ನೋಡಿಕೊಂಡು ಓದಬೇಕು, ಅಷ್ಟೆ. ಶ್ವೇತಾಂಬರ ಜೈನರ ಕಲ್ಪಸೂತ್ರದಲ್ಲಿ ಮಹಾವೀರನ ದೀಕ್ಷೆಯ ಜಾಗದಲ್ಲಿ ‘ಸಯಮೇವ ಪಂಚಮುಟ್ಠಿಯಂ ಲೋಯಂ ಕರೇಇ’ ಅಂತಿದೆ. ತಾನೇ ಸ್ವತಃ ಐದು ಮುಷ್ಟಿಯಲ್ಲಿ ಲೋಚ ಮಾಡಿದ ಅಂತ. ‘ಸಯಮೇವ’ ಅನ್ನೋದನ್ನು ಗಮನಿಸಿ. ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಂಡದ್ದಲ್ಲ.

ಅದೇ ಗ್ರಂಥದಲ್ಲಿ ಋಷಭನಾಥನ ಕಥೆ ಬರುವಾಗ ಲೆಕ್ಕ ನಾಲ್ಕು ಮುಷ್ಟಿಗೆ ಇಳಿಯುತ್ತದೆ, ‘ಚಉಮುಟ್ಠಿಯಂ’. ಐದನೆಯದನ್ನು ಯಾಕೆ ಬಿಟ್ಟ? ಹೆಗಲ ಮೇಲೆ ಇಳಿಬಿದ್ದ ಕೂದಲು ನೋಡೋಕೆ ಚೆಂದ ಇತ್ತು, ಅದನ್ನು ಹಾಗೇ ಇರಲು ಬಿಡಿ ಅಂತ ಇಂದ್ರ ಕೇಳಿಕೊಂಡ ಅನ್ನುತ್ತದೆ ಶ್ವೇತಾಂಬರರ ಪುರಾಣ. ತೀರ್ಥಂಕರರ ವಿಗ್ರಹಗಳು ಸಾಮಾನ್ಯವಾಗಿ ಒಂದರ ಹಾಗೇ ಇನ್ನೊಂದು ಇರುತ್ತವೆ. ಪೀಠದ ಮೇಲಿನ ಲಾಂಛನ ನೋಡದೆ ಯಾರು ಅಂತ ಹೇಳೋದು ಕಷ್ಟ. ಆದರೆ ಹೆಗಲ ಮೇಲೆ ಕೂದಲ ಎಳೆಗಳು ಇಳಿದಿದ್ದರೆ ಅದು ಋಷಭನಾಥ ಅಂತ ಸಾಮಾನ್ಯವಾಗಿ ಗುರುತಿಸುತ್ತಾರೆ.

ನಮ್ಮ ಕಡೆಯ ದಿಗಂಬರ ಪರಂಪರೆಗೆ ಬಂದರೆ ಜಿನಸೇನ ಸಿಗುತ್ತಾನೆ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರು, ಒಂಬತ್ತನೇ ಶತಮಾನದವನು. ಅವನ ಸಂಸ್ಕೃತ ಆದಿಪುರಾಣದಲ್ಲಿ ಋಷಭ ಪೂರ್ವಕ್ಕೆ ಮುಖ ಮಾಡಿ, ಸಿದ್ಧರಿಗೆ ನಮಸ್ಕರಿಸಿ, ಪಲ್ಯಂಕಾಸನದಲ್ಲಿ ಕೂತು ‘ಕೇಶಾನ್ ಅಲುಂಚತ್’, ಅದೂ ‘ಪಂಚಮುಷ್ಟಿಕಂ’. ಇಲ್ಲಿ ಐದೂ ಮುಷ್ಟಿ ಇದೆ. ಕ್ರಿಯಾಪದ ಅನುನಾಸಿಕದ ಜೊತೆಗೇ ಇದೆ. ಆ ಕೂದಲನ್ನು ಇಂದ್ರ ರತ್ನದ ಕರಂಡಕದಲ್ಲಿಟ್ಟು ಕ್ಷೀರಸಾಗರಕ್ಕೆ ಒಯ್ದ ಅಂತ ಕಥೆ ಮುಂದುವರಿಯುತ್ತದೆ. ಪಂಪ 941ರಲ್ಲಿ ಕನ್ನಡದ ಆದಿಪುರಾಣ ಬರೆಯುವಾಗ ಮುಂದಿಟ್ಟುಕೊಂಡದ್ದು ಇದೇ ಕೃತಿಯನ್ನು.

ಆಚಾರದ ಗ್ರಂಥಗಳಲ್ಲಿ ಮಾತ್ರ ಅನುನಾಸಿಕ ಮತ್ತೆ ಮಾಯ. ದಿಗಂಬರ ಮುನಿಗೆ 28 ಮೂಲಗುಣಗಳು, ಅಂದರೆ ಪಾಲಿಸಲೇಬೇಕಾದ ನಿಯಮಗಳು. ವಟ್ಟಕೇರನ ಮೂಲಾಚಾರದಲ್ಲಿ ಅವನ್ನು ಎಣಿಸುವಾಗ ‘ಲೋಚೋ’ ಅಂತ ಬರುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರದಲ್ಲೂ ಮೂಲಗುಣಗಳ ಗಾಹೆಯಲ್ಲಿ, ಅಂದರೆ ಪ್ರಾಕೃತ ಪದ್ಯದಲ್ಲಿ, ‘ಲೋಚ’ವೇ ಇದೆ. ಬಸದಿಗಳ ಸುತ್ತ ‘ಕೇಶಲೋಚ’ ಅನ್ನುವ ಮಾತು ಬಂದದ್ದು ಈ ದಾರಿಯಿಂದ. ಹಿಂದಿ ಕಡೆಯವರು ಎರಡನ್ನೂ ಕಲೆಸಿ ‘ಕೇಶಲೋಂಚ’ ಅನ್ನುವುದೂ ಉಂಟು. ಲೋಚದ ಓಕಾರ, ಲುಂಚನದ ಅನುನಾಸಿಕ. ಪಂಡಿತರಿಗೆ ಸಿಟ್ಟು ಬರಬಹುದು, ನನಗೇನೋ ಇಷ್ಟ.

ಇನ್ನು ಅರ್ಥದ ವಿಚಾರ. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು, ಯಾಕೆಂದರೆ ಸುದ್ದಿಗಳಲ್ಲಿ ಎಡವೋದು ಇಲ್ಲೇ. ‘ಮುನಿಗಳು ಕೇಶಮುಂಡನ ಮಾಡಿಸಿಕೊಂಡರು’ ಅಂತ ಬರೆದರೆ ಅದು ನಿಜವಾದ ತಪ್ಪು. ಮುಂಡನ ಅಂದರೆ ಬೋಳಿಸುವುದು. ತಿರುಪತಿಯಲ್ಲಿ ಮುಡಿ ಕೊಡುವುದು ಮುಂಡನ. ಅಲ್ಲಿ ಕತ್ತಿ ಚರ್ಮದ ಮೇಲೆ ಓಡುತ್ತದೆ, ಬುಡ ಒಳಗೇ ಉಳಿಯುತ್ತದೆ. ಲೋಚದಲ್ಲಿ ಬುಡವೇ ಹೊರಗೆ ಬರಬೇಕು. ಈ ವ್ಯತ್ಯಾಸವನ್ನು ಕಲ್ಪಸೂತ್ರ ಒಂದೇ ಉಸಿರಲ್ಲಿ ಹೇಳಿಬಿಡುತ್ತದೆ. ಮಳೆಗಾಲದ ನಿಯಮಗಳ ಭಾಗದಲ್ಲಿ ‘ಖುರಮುಂಡ’ ಮತ್ತು ‘ಲುಕ್ಕಸಿರ’ ಅಂತ ಎರಡು ಪದ ಅಕ್ಕಪಕ್ಕ ಬರುತ್ತವೆ. ಖುರ ಅಂದರೆ ಕ್ಷುರ, ಕ್ಷೌರದ ಕತ್ತಿ. ಖುರಮುಂಡ ಅಂದರೆ ಕತ್ತಿಯಿಂದ ಬೋಳಿಸಿದವನು. ಲುಕ್ಕ ಅನ್ನೋದು ನಮ್ಮ ಲುಂಚ್ ಧಾತುವಿನದೇ ಇನ್ನೊಂದು ಪ್ರಾಕೃತ ವೇಷ. ಲುಕ್ಕಸಿರ ಅಂದರೆ ತಲೆಗೂದಲು ಕಿತ್ತವನು. ಅಲ್ಲೇ ಇನ್ನೊಂದು ಅಳತೆಯೂ ಇದೆ: ಪರ್ಯೂಷಣದ, ಅಂದರೆ ಮಳೆಗಾಲದ ಜೈನ ಪರ್ವದ, ಹೊತ್ತಿಗೆ ತಲೆಯ ಮೇಲೆ ಹಸುವಿನ ಮೈಗೂದಲಷ್ಟು ಉದ್ದ ಕೂಡ ಉಳಿದಿರಬಾರದು.

ಲೋಚ ಹೇಗೆ ನಡೆಯುತ್ತದೆ ಅಂತ ನೋಡಿದವರಿಗೆ ಆ ಕ್ರಿಯಾಪದದ ತೂಕ ತಾನಾಗಿ ಗೊತ್ತಾಗುತ್ತದೆ. ಮುನಿ ಕೂರುತ್ತಾರೆ. ಪಕ್ಕದಲ್ಲಿ ಬೂದಿ. ನೀರಿಲ್ಲ, ಸೋಪಿಲ್ಲ, ಚಿಮುಟವಿಲ್ಲ. ಬೆರಳ ತುದಿಗೆ ಬೂದಿ ಸವರಿಕೊಳ್ಳುತ್ತಾರೆ, ಬೆವರಿಗೆ ಬೆರಳು ಜಾರಬಾರದು ಅಂತ. ಕೆಲವೇ ಎಳೆಗಳನ್ನು ಬೆರಳಿನ ನಡುವೆ ಹಿಡಿದು ಒಂದೇ ಸೆಳೆತ. ಮತ್ತೆ ಬೂದಿ, ಮತ್ತೆ ಸೆಳೆತ. ತಲೆ ಆದ ಮೇಲೆ ಗಡ್ಡ, ಮೀಸೆ. ಗಡ್ಡ, ಮೀಸೆಯ ಜಾಗ ತಲೆಗಿಂತ ಸೂಕ್ಷ್ಮ. ಬಹಳ ಹೊತ್ತು ಹಿಡಿಯುವ ಕೆಲಸ. ಆರ್ಯಿಕೆಯರೂ, ಅಂದರೆ ದೀಕ್ಷೆ ತೆಗೆದುಕೊಂಡ ಹೆಣ್ಣುಮಕ್ಕಳೂ, ತಲೆಗೂದಲನ್ನು ಹೀಗೆಯೇ ಕೀಳುತ್ತಾರೆ. ದೀಕ್ಷೆಯ ದಿನ ಒಮ್ಮೆ ಮಾಡಿದರೆ ಮುಗಿಯಿತು ಅಂತ ಅಲ್ಲ. ಮೂಲಾಚಾರದ ಲೆಕ್ಕದಲ್ಲಿ ಎರಡು ತಿಂಗಳಿಗೊಮ್ಮೆ ಮಾಡಿದರೆ ಉತ್ತಮ, ಮೂರಕ್ಕೊಮ್ಮೆ ಮಧ್ಯಮ, ನಾಲ್ಕಕ್ಕೊಮ್ಮೆ ಕನಿಷ್ಠ. ಆ ದಿನ ಉಪವಾಸ ಬೇರೆ.

ಇಷ್ಟೆಲ್ಲ ಯಾಕೆ, ಒಂದು ಬ್ಲೇಡು ಸಾಲದೇ ಅಂತ ಕೇಳುವವರಿದ್ದಾರೆ. ಗ್ರಂಥಗಳು ಕೊಡುವ ಕಾರಣಗಳು ತುಂಬ ವ್ಯಾವಹಾರಿಕವಾಗಿವೆ. ಕತ್ತಿ ಇಟ್ಟುಕೊಂಡರೆ ಅದು ಆಸ್ತಿ ಆಗುತ್ತದೆ. ಕ್ಷೌರಿಕನ ಹತ್ತಿರ ಹೋದರೆ ಬೇಡಬೇಕು ಅಥವಾ ದುಡ್ಡು ಕೊಡಬೇಕು, ಮುನಿಯ ಹತ್ತಿರ ದುಡ್ಡಿಲ್ಲ. ಸುಮ್ನೆ ಬೆಳೆಯಲು ಬಿಟ್ಟರೆ ಹೇನು ಬೀಳುತ್ತದೆ, ಸ್ನಾನವೂ ಇಲ್ಲದ ವ್ರತ ಅದು. ಹೇನಾದ ಮೇಲೆ ತಲೆ ಕೆರೆದುಕೊಂಡರೆ ಹಿಂಸೆ. ಎಲ್ಲ ಬಾಗಿಲನ್ನೂ ಮುಚ್ಚಿದ ಮೇಲೆ ಉಳಿಯೋದು ಕೈಬೆರಳು ಮಾತ್ರ.

ಒಂದೊಂದೇ ಕೂದಲನ್ನು ಜೋಪಾನವಾಗಿ ತೆಗೆಯೋದಕ್ಕೆ ಪಾಲಿಯಲ್ಲಿ ಬೇರೆ ಕ್ರಿಯಾಪದ ಬಳಸಿದ್ದು ನನಗೆ ಬಹಳ ಇಷ್ಟವಾದ ವಿಷಯ. ಮಖಾದೇವ ಅನ್ನುವ ರಾಜ ತನ್ನ ಕ್ಷೌರಿಕನಿಗೆ ಹೇಳಿಟ್ಟಿರುತ್ತಾನೆ: ನನ್ನ ತಲೆಯಲ್ಲಿ ನರೆಗೂದಲು ಕಂಡ ದಿನ ನನಗೆ ತಿಳಿಸು. ಒಂದು ದಿನ ಕಂಡಿತು. ‘ಅದನ್ನು ಚಿಮುಟದಿಂದ ಚೆನ್ನಾಗಿ ತೆಗೆದು ನನ್ನ ಬೊಗಸೆಯಲ್ಲಿಡು’ ಅನ್ನುತ್ತಾನೆ ರಾಜ. ಅದನ್ನು ನೋಡಿ ಮಗನಿಗೆ ಪಟ್ಟ ಕಟ್ಟಿ ಕಾಡಿಗೆ ಹೊರಡುತ್ತಾನೆ. ಮಜ್ಝಿಮನಿಕಾಯದಲ್ಲಿ ಇಲ್ಲಿ ಲುಂಚ್ ಇಲ್ಲ, ‘ಉದ್ಧರಿತ್ವಾ’ ಇದೆ. ಉದ್ಧರಿಸಿ! ಮೇಲಕ್ಕೆತ್ತಿ ಅಂತ. ರಾಜನ ತಲೆಯ ನರೆಗೂದಲನ್ನು ಚಿಮುಟದಲ್ಲಿ ಎತ್ತಿದರೆ ಉದ್ಧಾರ, ತಪಸ್ವಿ ಬೆರಳಿನಲ್ಲಿ ಸೆಳೆದರೆ ಲೋಚ. ಕುಂದಕುಂದಾಚಾರ್ಯರು ಇನ್ನೊಂದು ಜಾಗದಲ್ಲಿ ‘ಉಪ್ಪಾಡಿದ’, ಅಂದರೆ ಉತ್ಪಾಟಿತ, ಬುಡಮೇಲು ಕಿತ್ತದ್ದು, ಅನ್ನೋ ಪದ ಬಳಸುತ್ತಾರೆ. ಮರ ಕೀಳುವುದಕ್ಕೂ ಆ ಪದವೇ.

ಲುಂಚ್ ಧಾತುವಿಗೆ ಕೂದಲ ಆಚೆಗೂ ಒಂದು ಬದುಕಿದೆ. ರುದ್ರನಮಕ ಕೇಳಿದವರಿಗೆ ಮೂರನೇ ಅನುವಾಕ ನೆನಪಿರಬಹುದು. ಕಳ್ಳರು, ಕಾಡಿನಲ್ಲಿ ಅಡ್ಡಗಟ್ಟುವವರು ಎಲ್ಲರ ಒಡೆಯನಾಗಿ ರುದ್ರನಿಗೆ ನಮಸ್ಕಾರ ಹೇಳುವ ಭಾಗ ಅದು. ‘ಉಷ್ಣೀಷಿಣೇ ಗಿರಿಚರಾಯ ಕುಲುಂಚಾನಾಂ ಪತಯೇ ನಮಃ’ ಅಂತ ಬರುತ್ತದೆ. ಕುಲುಂಚ ಯಾರು? ಭಾಷ್ಯಕಾರರು ಅದನ್ನು ಕು ಮತ್ತು ಲುಂಚ್ ಅಂತ ಬಿಡಿಸುತ್ತಾರೆ. ಕು ಅಂದರೆ ಭೂಮಿ. ಹೊಲ ಮನೆ ಕಿತ್ತುಕೊಳ್ಳುವವರು ಅಂತ. ಈಗಿನ ಮಾತಲ್ಲಿ ಭೂಗಳ್ಳರು ಅನ್ನಿ. ಪದವನ್ನು ಹೀಗೆ ಬಿಡಿಸಿದ್ದು ಸರಿಯೋ ಅಲ್ಲವೋ ಅನ್ನೋದಕ್ಕಿಂತ, ಲುಂಚ್ ಅಂದಾಗ ಅವರ ಕಿವಿಗೆ ‘ಕಿತ್ತುಕೊಳ್ಳು’ ಅಂತಲೂ ಕೇಳಿಸುತ್ತಿತ್ತು ಅನ್ನೋದು ಮುಖ್ಯ.

ಇನ್ನೂ ಹಿಂದಕ್ಕೆ ಹೋದರೆ ಈ ಧಾತುವಿನ ನೆಂಟರು ಯುರೋಪಿನಲ್ಲಿದ್ದಾರೆ. ಲ್ಯಾಟಿನ್ ಭಾಷೆಯ ರುಂಕಾರೆ ಅನ್ನೋದನ್ನೂ ಗ್ರೀಕಿನ ಒರುಸ್ಸೋ ಅನ್ನೋದನ್ನೂ ಲುಂಚ್ ಜೊತೆ ಭಾಷಾವಿಜ್ಞಾನಿಗಳು ಜೋಡಿಸುತ್ತಾರೆ. ಅಲ್ಲಿ ರಕಾರ, ಇಲ್ಲಿ ಲಕಾರ. ಸಂಸ್ಕೃತದಲ್ಲಿ ಈ ಎರಡರ ಅದಲುಬದಲು ಹೊಸದೇನಲ್ಲ. ಗ್ರೀಕಿನದಕ್ಕೆ ಅಗೆ ಅಂತ ಅರ್ಥ. ಲ್ಯಾಟಿನಿನ ರುಂಕಾರೆಗೆ? ಕಳೆ ಕೀಳು!

ಇಲ್ಲಿಗೆ ನಮ್ಮ ಕನ್ನಡದ ಕ್ರಿಯಾಪದ ಎದ್ದು ಬರುತ್ತದೆ. ‘ಇದಕ್ಕೆ ಕನ್ನಡದ್ದೇ ಪದ ಇಲ್ವಾ’ ಅಂತ ಕೇಳಿದಿರಿ. ನಿಮ್ಮ ಪ್ರಶ್ನೆಯಲ್ಲೇ ನೀವು ಅದನ್ನು ಬಳಸಿದ್ದೀರಿ. ಕೀಳು. ಕೂದಲು ಕೀಳು, ಕಳೆ ಕೀಳು, ಆಸ್ತಿ ಕಿತ್ತುಕೋ. ಲ್ಯಾಟಿನಿನ ಕಳೆ, ಜೈನರ ಕೂದಲು, ರುದ್ರನಮಕದ ಭೂಗಳ್ಳರು, ಎಲ್ಲರಿಗೂ ನಮ್ಮ ಹತ್ತಿರ ಒಂದೇ ಮಾತು ಸಾಕು. ಎರಡೂ ಬೇರೆ ಬೇರೆ ಭಾಷಾ ಕುಟುಂಬದವು, ಕೀಳು ದ್ರಾವಿಡದ್ದು, ಲುಂಚ್ ಇಂಡೋ-ಯುರೋಪಿಯನ್. ಒಂದರಿಂದ ಇನ್ನೊಂದು ಬಂದದ್ದಲ್ಲ. ಬೇರಿರೋದನ್ನು ಸೆಳೆದು ತೆಗೆಯುವ ಕೆಲಸ ಎಲ್ಲ ಕಡೆ ಒಂದೇ ಥರ ಇರೋದರಿಂದ ಅರ್ಥಗಳೂ ಒಂದೇ ಕಡೆ ಬಂದು ನಿಂತಿವೆ.

ಕೀಳು ಅನ್ನೋದರ ಭೂತಕಾಲ ‘ಕಿತ್ತು’ ಹೇಗಾಯಿತು ಅಂತ ಮಕ್ಕಳು ಕೇಳಿದರೆ ತಡಬಡಾಯಿಸಬೇಡಿ. ಹಳಗನ್ನಡದಲ್ಲಿ ಇದು ಕೀೞ್. ಈಗ ನಾವು ಬಿಟ್ಟಿರುವ ೞ ಅಕ್ಷರ. ಕೀೞ್, ಕಿೞ್ತು. ಆ ೞ್ ಆಮೇಲೆ ರೇಫ, ಅಂದರೆ ರಕಾರ, ಆಗಿ ಕಿರ್ತು, ರೇಫವೂ ಸವೆದು ಕಿತ್ತು. ಬೀಳು ಬಿದ್ದು ಆದದ್ದು, ಏಳು ಎದ್ದು ಆದದ್ದು ಇದೇ ದಾರಿಯಲ್ಲಿ. ಮೂರೂ ೞಕಾರದ ಪದಗಳು. ಒರೆಯಿಂದ ಕತ್ತಿ ಸೆಳೆಯೋದಕ್ಕೂ ಹಳಗನ್ನಡದಲ್ಲಿ ಇದನ್ನೇ ಬಳಸುತ್ತಿದ್ದರು. ‘ಕೀಳು ಮಟ್ಟ’ದ ಕೀಳು ಬೇರೆ ಪದ. ಒಂದೇ ಥರ ಕೇಳಿಸುತ್ತದೆ, ಅಷ್ಟೆ.

ಈ ಕ್ರಿಯಾಪದವನ್ನು ನಾವು ದುಡಿಸಿಕೊಂಡ ಹಾಗೆ ಸಂಸ್ಕೃತದವರು ಲುಂಚ್ ಅನ್ನು ದುಡಿಸಿಕೊಳ್ಳಲಿಲ್ಲ. ಕಡ್ಲೆಕಾಯಿ ಕೀಳುತ್ತೇವೆ, ನಾಟಿಗೆ ಸಸಿ ಕೀಳುತ್ತೇವೆ, ಹಲ್ಲು ಕೀಳಿಸುತ್ತೇವೆ, ಮೊಳೆ ಕೀಳುತ್ತೇವೆ. ಹೆದರಿದವನು ಓಟ ಕೀಳುತ್ತಾನೆ, ಜಾಗ ಬಿಡುವವನು ಕಾಲು ಕೀಳುತ್ತಾನೆ. ಅಣ್ಣತಮ್ಮಂದಿರದು ಕಿತ್ತಾಟ. ಬಡತನವೂ ಕಿತ್ತು ತಿನ್ನುತ್ತದೆ. ಏನೂ ಮಾಡದೆ ಜಂಭ ಕೊಚ್ಚುವವನಿಗೆ ‘ನೀನೇನು ಕಿತ್ತು ಗುಡ್ಡೆ ಹಾಕಿದ್ದೀಯ’ ಅನ್ನುತ್ತೇವೆ. ಇಲ್ಲವಾದರೆ ‘ಏನು ಉದ್ಧಾರ ಮಾಡಿದ್ದೀಯ’ ಅನ್ನುತ್ತೇವೆ. ಮಖಾದೇವನ ಕ್ಷೌರಿಕನಾದರೆ ಎರಡಕ್ಕೂ ಒಂದೇ ಉತ್ತರ ಕೊಡಬಹುದಿತ್ತು.

ಆದರೆ ಕನ್ನಡದಲ್ಲಿ ಎಲ್ಲವನ್ನೂ ಕೀಳೋದಿಲ್ಲ ಅನ್ನೋದನ್ನೂ ಹೇಳಬೇಕು. ಹೂವನ್ನು ಬಿಡಿಸುತ್ತೇವೆ ಅಥವಾ ಕೊಯ್ಯುತ್ತೇವೆ. ಬಣವೆಯಿಂದ ಹುಲ್ಲನ್ನು ಹಿರಿಯುತ್ತೇವೆ. ಪಾರ್ಲರಿನಲ್ಲಿ ದಾರ ಸುತ್ತಿ ಹುಬ್ಬಿನ ಕೂದಲನ್ನು ಕೀಳೋದೇ ಆದರೂ ಯಾರೂ ‘ಹುಬ್ಬು ಕೀಳಿಸಿಕೊಂಡು ಬಂದೆ’ ಅನ್ನೋದಿಲ್ಲ. ‘ಐಬ್ರೋ ಮಾಡಿಸಿಕೊಂಡೆ’ ಅಂತಾರೆ. ಕೀಳು ಅನ್ನೋದರಲ್ಲಿ ಒಂದು ಒರಟುತನ ಇದೆ. ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಚೆಂದದ ಕೆಲಸಕ್ಕೆ ಅದು ಹೊಂದೋದಿಲ್ಲ.

ಆ ಒರಟುತನ ಇನ್ನೊಂದು ದ್ರಾವಿಡ ಕ್ರಿಯಾಪದದಲ್ಲಿ ಇನ್ನೂ ಜಾಸ್ತಿ. ಹಳಗನ್ನಡದಲ್ಲಿ ಪಱಿ, ಈಗಿನ ಹರಿ. ಬಟ್ಟೆ ಹರಿಯುವ ಹರಿ, ನೀರು ಹರಿಯುವ ಹರಿ ಅಲ್ಲ. ನೀರಿನದು ಸಾದಾ ರಕಾರದ ಪರಿ. ತಮಿಳಿನಲ್ಲಿ ಪಱಿ ಅಂದರೆ ಇವತ್ತಿಗೂ ಕೀಳು, ಕಿತ್ತುಕೋ. ಏಳನೇ ಶತಮಾನದ ತಮಿಳು ಶೈವಕವಿ ಅಪ್ಪರ್ ತಮ್ಮ ತೇವಾರದ ಹಾಡುಗಳಲ್ಲಿ ಸಮಣರನ್ನು, ಅಂದರೆ ಜೈನರನ್ನು, ತಲೆ ಪಱಿಯುವವರು ಅಂತ ಹಂಗಿಸುತ್ತಾರೆ. ಅಪ್ಪರ್ ಶೈವರಾಗುವ ಮುಂಚೆ ತಾವೇ ಜೈನ ಸನ್ಯಾಸಿ ಆಗಿದ್ದವರು ಅಂತ ಪರಂಪರೆ ಹೇಳುತ್ತದೆ. ಗಮನಿಸಿ, ಒಳಗಿನವರು ‘ಲೋಚ ಮಾಡಿದರು’ ಅಂದಾಗ ಅದು ವ್ರತ. ಹೊರಗಿನವರು ‘ತಲೆ ಕಿತ್ತುಕೊಂಡರು’ ಅಂದಾಗ ಅದು ಗೇಲಿ. ಕೆಲಸ ಒಂದೇ.

ಇದರಿಂದಲೇ ನಿಮ್ಮ ಲುಚ್ಚದ ಪ್ರಶ್ನೆಗೂ ಬರಬಹುದು. ಹಿಂದಿಯಲ್ಲಿ ‘ನಂಗಾ ಲುಚ್ಚಾ’ ಅಂತ ಒಂದು ಬೈಗುಳ ಇದೆ. ಅದು ‘ನಗ್ನ ಲುಂಚಿತ’ದಿಂದ ಬಂತು, ಬೆತ್ತಲೆ ಇರುವ, ಕೂದಲು ಕಿತ್ತ ಮುನಿಗಳನ್ನು ಹಂಗಿಸಲು ಹುಟ್ಟಿದ್ದು ಅಂತ ಹೇಳುವವರಿದ್ದಾರೆ. ಕನ್ನಡದ ಲುಚ್ಚ ಹಿಂದಿ ಕಡೆಯಿಂದಲೇ ಬಂದದ್ದು. ಜೋಡಿ ಚೆನ್ನಾಗಿ ಕೂರುತ್ತದೆ, ಧ್ವನಿಯೂ ಹೊಂದುತ್ತದೆ. ಆದರೂ ನಾನು ಅದಕ್ಕೆ ಸಹಿ ಹಾಕೋದಿಲ್ಲ. ಗ್ರಂಥದಲ್ಲಿ ಮುನಿಗೆ ಬಳಸಿದ ಪದ ಬೀದಿಯಲ್ಲಿ ಪೋಲಿಗೆ ಬಳಸುವ ಪದ ಆಗುವ ತನಕ ನಡುವೆ ಮೆಟ್ಟಿಲುಗಳು ಬೇಕು. ಅವನ್ನು ತೋರಿಸದೆ ಬರೀ 'ಕೇಳೋಕೆ ಹಾಗೇ ಇದೆ' ಅಂದರೆ ಸಾಲದು. ಲಂಚದ ಮಾತು ಇನ್ನೂ ಸುಲಭ: ಸಂಬಂಧ ಇಲ್ಲ. ಅದು ಸಂಸ್ಕೃತದ ಲಂಚಾ, ಪಾಲಿಯ ಲಂಚ. ಕೊಡುಗೆ, ಕಾಣಿಕೆ ಅನ್ನುವ ಅರ್ಥವೂ ಅದಕ್ಕಿದೆ. ಸ್ವರ ಬೇರೆ, ಅರ್ಥ ಬೇರೆ. ಲಂಚವನ್ನು ಕೊಡುತ್ತಾರೆ, ಲುಂಚದಲ್ಲಿ ಕೀಳುತ್ತಾರೆ. ನಮ್ಮ ಕೆಲವು ಕಚೇರಿಗಳಲ್ಲಿ ದುಡ್ಡು ಕೀಳೋದೂ ಉಂಟು ಅಂತ ನೀವು ಹೇಳಬಹುದು, ಅದು ವ್ಯುತ್ಪತ್ತಿ ಅಲ್ಲ, ಅನುಭವ.

ಹಾಗಾದರೆ ಬರೆಯುವಾಗ ಯಾವುದನ್ನು ಬಳಸಬೇಕು? ಜೈನ ಸಂದರ್ಭದಲ್ಲಿ ನನ್ನ ಮೊದಲ ಆಯ್ಕೆ ಕೇಶಲೋಚ. ಮೂಲಾಚಾರದಿಂದ ಇವತ್ತಿನ ತನಕ ಆ ಸಮುದಾಯದ ಸ್ವಂತ ಪದ ಅದು, ಕಣ್ಣಿನ ಗೊಂದಲವೂ ಇಲ್ಲ. ಸಂಸ್ಕೃತದ ಬಿಗಿ ಬೇಕಾದರೆ ಕೇಶಲುಂಚನ. ಕೇಶಲೋಚನ ಬರೆದವರನ್ನು ತಿದ್ದಲು ಹೋಗಬೇಡಿ, ಅವರ ಹಿಂದೆ ಪಾಲಿ ಸುತ್ತಗಳಿವೆ. ಕೇಶಮುಂಡನ ಅಂತ ಬರೆದರೆ ಮಾತ್ರ ಖಂಡಿತ ತಿದ್ದಿ. ಮತ್ತೆ, ಓದುವವರಿಗೆ ಪದ ಹೊಸದು ಅನ್ನಿಸಿದರೆ ಪಕ್ಕದಲ್ಲಿ ‘ಕೈಯಿಂದಲೇ ಕೂದಲು ಕಿತ್ತುಕೊಳ್ಳುವುದು’ ಅಂತ ನಾಲ್ಕು ಮಾತು ಸೇರಿಸಿದರೆ ಯಾವ ಗಂಟೂ ಹೋಗುವುದಿಲ್ಲ.

ನಿಮ್ಮ ಕಾಯಿಲೆಯ ಲೇಖನಕ್ಕೆ ಇದು ಯಾವುದೂ ಬೇಡ. ವೈದ್ಯರು ಅದನ್ನು ಟ್ರೈಕೋಟಿಲೋಮೇನಿಯಾ ಅನ್ನುತ್ತಾರೆ. ಫ್ರಾನ್ಸಿನ ಚರ್ಮವೈದ್ಯ ಆಲೊಪೊ 1889ರಲ್ಲಿ ಕಟ್ಟಿದ ಹೆಸರು. ಅದರ ನಡುವೆಯೂ ಒಂದು ಕೀಳುವ ಕ್ರಿಯಾಪದ ಕೂತಿದೆ, ಗ್ರೀಕಿನ ತಿಲ್ಲೋ. ಕೂದಲು, ಗರಿ ಕೀಳೋದಕ್ಕೆ ಅವರು ಬಳಸುತ್ತಿದ್ದದ್ದು ಅದನ್ನೇ. ಗ್ರೀಕ್ ಬೈಬಲಿನ ಮಾರ್ಕನ ಸುವಾರ್ತೆಯಲ್ಲಿ ಯೇಸುವಿನ ಶಿಷ್ಯರು ಹೊಲದ ನಡುವೆ ತೆನೆ ಕೀಳುವಾಗಲೂ ಅದೇ ಪದ. ಆ ಕಾಯಿಲೆ ಇರುವವರು ವ್ರತಕ್ಕೆ ಅಂತ ಕೂದಲು ಕೀಳೋದಿಲ್ಲ. ಎಷ್ಟೋ ಸಲ ಬೇಡ ಅಂದುಕೊಂಡರೂ ಕೈ ತಲೆಗೆ ಹೋಗುತ್ತದೆ, ಆಮೇಲೆ ನಾಚಿಕೆ, ತಲೆಯ ಬೋಳು ಜಾಗ ಮುಚ್ಚಿಕೊಳ್ಳುವ ಒದ್ದಾಟ. ಅದಕ್ಕೆ ಲೋಚ ಅಂದರೆ ಮುನಿಗಳಿಗೂ ಸರಿ ಹೋಗದು, ರೋಗಿಗೂ ಸರಿ ಹೋಗದು. ಮನೋವೈದ್ಯರು ಕನ್ನಡದಲ್ಲಿ ಬರೆಯುವಾಗ, ಬಿಡಲಾಗದೆ ಮತ್ತೆ ಮತ್ತೆ ಮಾಡುವ ಇಂಥ ತೊಂದರೆಗಳಿಗೆ ಗೀಳು ಅನ್ನುವ ಪದ ಆಗಲೇ ಚಾಲ್ತಿಯಲ್ಲಿದೆ. ನೀವು ‘ಕೂದಲು ಕೀಳುವ ಗೀಳು’ ಅಂತ ಬರೆಯಿರಿ. ಎಲ್ಲರಿಗೂ ಅರ್ಥವಾಗುತ್ತದೆ. ಮೊದಲ ಸಲ ಬಳಸುವಾಗ ವೈದ್ಯರ ಹೆಸರನ್ನೂ ಒಮ್ಮೆ ಕೊಟ್ಟುಬಿಡಿ, ಆಸ್ಪತ್ರೆಗೆ ಹೋದಾಗ ಹೇಳೋಕೆ ಅನುಕೂಲ ಆಗುತ್ತದೆ.